ಓಡೋದಕ್ಕೊಂದು, ಇಡೋದಕ್ಕೊಂದು

ಮಂಡಿ ಮೊಹಲ್ಲಾದ ಕಿರುಗಲ್ಲಿಯಲ್ಲಿ
ಝಹೀರ್ ಭಾಯಿ ಗಾಜಿನ ಮೇಲೆ ಮೂರು ಸರಕಿಟ್ಟರು,
ಮೀನು ತೂಗುವವರ ಹಾಗೆ, ನೇರ.

ಒಂದು, ಬಿಸ್ಕತ್ತಿನಷ್ಟು ತೆಳು. ಸದ್ದಿಲ್ಲ.
ಕೇಳುವ ಮೊದಲೇ ಕೊಡುವ ಜಾತಿ.
ಒಂದು ಟೆರಾಬೈಟು, ಆರು ಸಾವಿರ.
ಇನ್ನೊಂದು ಇಟ್ಟಿಗೆಯ ತಮ್ಮ, ಹೊಟ್ಟೆಯಲ್ಲಿ ತಟ್ಟೆ ಸುತ್ತುತ್ತದೆ,
ನಿಧಾನ. ನಾಲ್ಕು ಟೆರಾಬೈಟು, ಒಂಬತ್ತು.
ಮೂರನೆಯದರ ಲೇಬಲ್ಲು ಅರ್ಧ ಕಿತ್ತಿತ್ತು:
ಯಾವುದೋ ಬ್ಯಾಂಕಿನ ಬಾಗಿಲನ್ನು
ಮೂವತ್ತೊಂದು ಸಾವಿರ ಗಂಟೆ ದಿಟ್ಟಿಸಿ ದಣಿದದ್ದು.
"ಎರಡೂವರೆಗೆ ತಗೊಂಡೋಗಿ ಅಕ್ಕ,
ಎಷ್ಟು ದಿನ ಅಂತ ಮಾತ್ರ ಕೇಳ್ಬೇಡಿ."

ಪರ್ಸಿನಲ್ಲಿ ಹತ್ತು ಸಾವಿರದ ಎಂಟುನೂರು.
ಹುಲಿಕೆರೆಯವರ ಮದುವೆಯ ಬಾಕಿ
ಮಗುವಿನ ನಾಮಕರಣವಾದರೂ ಬಂದಿಲ್ಲ.

ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ:
ತಾಳಿ ಕಟ್ಟುವ ನಾಲ್ಕು ನಿಮಿಷ, ಮೂರು ಜಿಬಿ.
ತೆಳುವಿನದರಲ್ಲಿ ಇಟ್ಟರೆ ಹದಿನೆಂಟು ರೂಪಾಯಿ,
ಇಟ್ಟಿಗೆಯಲ್ಲಿ ಏಳು ರೂಪಾಯಿಗೂ ಚೂರು ಕಮ್ಮಿ.
ಒಂದು ಕಾಫಿಯ ದುಡ್ಡಿಗೆ ಒಂದು ಗಂಟು.

"ಓಡೋದಕ್ಕೊಂದು, ಇಡೋದಕ್ಕೊಂದು" ಅಂದರು ಭಾಯಿ,
"ಎರಡೂ ಬೇಕು ನಿಮ್ಮ ಕೆಲಸಕ್ಕೆ."
ಗೊತ್ತು. ಉಳುವ ಎತ್ತಿನ ಬೆನ್ನ ಮೇಲೆ
ಕಣಜ ಕಟ್ಟಿಕೊಂಡೇ ಆರು ವರ್ಷ ಬದುಕಿದ್ದೇನೆ.
ಅಕ್ಷತೆ ಎರಚಿದ ಕೈಗಳು ಅರ್ಧಕ್ಕೇ ನಿಂತು
ಪರದೆಯ ಮೇಲೆ ಉರುಟು ಚಕ್ರ ಸುತ್ತುತ್ತದೆ,
ನಾನು ಎದ್ದು ಹೋಗಿ ಅನ್ನಕ್ಕಿಟ್ಟು ಬರುತ್ತೇನೆ.
ಹಳೆಯ ಡಿಸ್ಕು ಈಚೆಗೆ ಟಿಕ್ ಅನ್ನುತ್ತದೆ,
ಹಲ್ಲಿ ಲೊಚಗುಟ್ಟಿದ ಹಾಗೆ, ನಾನೇನಾದರೂ ಅಂದುಕೊಂಡಾಗಲೇ.

ಮಂಡ್ಯದಿಂದ ಹೊರಟಾಗ ತೆಳುವಿನದೇ ಅಂತ ನಿಶ್ಚಯ.
ಜಾಗ ಸಾಲದಿದ್ದರೆ 'ಬೇಡದ್ದು' ಅನ್ನುವ ಕಡತ ಅಳಿಸಿದರಾಯಿತು:
ಫೋಕಸ್ ತಪ್ಪಿದ ಬೀಗರು, ಕುರ್ಚಿಯ ಕಾಲು,
ಕ್ಯಾಮೆರಾ ಆರಿಸಲು ಮರೆತು ಬೋರೇಶ ನಡೆದ ನಡಿಗೆ.

ಆದರೆ ಹೋದ ಸೋಮವಾರ
ಸೈಕಲ್ ಷಾಪಿನ ಮೇಲಿನ ನನ್ನ ಮೆಟ್ಟಿಲು ಹತ್ತಿ
ಏದುಸಿರಲ್ಲಿ ಬಂದಿದ್ದರು ಅಡುಗೆಯ ನಂಜುಂಡಾರಾಧ್ಯರು.
"ನಲವತ್ತು ವರ್ಷದಿಂದ ಮದುವೆ ಮಾಡ್ತಾ ಇವ್ನಿ ಕಣವ್ವ,
ಎಲ್ಲಾದ್ರೂ ಒಂದ್ರಲ್ಲಿ ಬಿದ್ದಿದ್ದೀನಾ ನಾನು?"
ನಗುತ್ತಲೇ ಕೇಳಿದರು. ಕೂರಲಿಲ್ಲ.

ಎರಡು ರಾತ್ರಿ ಹುಡುಕಿದೆ.
ಮುಗಿಸಿ ಕೊಟ್ಟ ನೂರಾ ಹನ್ನೆರಡು ಮದುವೆಗಳಲ್ಲಿ
ಒಂದರಲ್ಲೂ ಇಲ್ಲ.
'ಬೇಡದ್ದು' ಒಳಗೆ, ಬೋರೇಶನ ನಡಿಗೆಯಲ್ಲಿ,
ನೆಲ, ನೆಲ, ಚಪ್ಪಲಿ, ಒದ್ದೆ ನೆಲ,
ಆಮೇಲೆ ಹಬೆ. ಹಬೆಯೊಳಗೆ ಸೌಟು ಹಿಡಿದ ಕೈ,
ಅಂಗೈಗೆ ಒಂದು ತೊಟ್ಟು ಸಾರು, ನಾಲಿಗೆ,
ಒಂದು ಕ್ಷಣ ಮುಚ್ಚಿದ ಕಣ್ಣು.
ಏಳು ಸೆಕೆಂಡು. ತೂಕ, ತೊಂಬತ್ತು ಎಂಬಿ.
ಹಣದಲ್ಲಿ ಇಪ್ಪತ್ತು ಪೈಸೆ.

"ಇಟ್ಟಿಗೆ ಕೊಡಿ" ಅಂದೆ.
"ಓಡೋದು?"
"ಮುಂದಿನ ಲಗ್ನಸರಿಗೆ."
ಭಾಯಿ ಇನ್ನೂರು ಬಿಟ್ಟರು, ಮೂರು ವರ್ಷದ ಗ್ಯಾರಂಟಿಗೆ
ಸೀಲು ಒತ್ತಿದರು. ಶಾಯಿ ಒಣಗಿತ್ತು, ಎಂಜಲು ಹಚ್ಚಿ ಒತ್ತಿದರು.

ಸಂಜೆಯ ರೈಲಿನಲ್ಲಿ ಟವೆಲು ಸುತ್ತಿ ತೊಡೆಯ ಮೇಲೆ.
ನಾಗನಹಳ್ಳಿ ದಾಟುವಾಗ ಪಕ್ಕದಾಕೆ ಕೇಳಿದಳು,
"ಏನವ್ವ, ಮೊಟ್ಟೆಯಾ?"
ಹೂಂ ಅಂದೆ.

ಈಗ ರಾತ್ರಿ ಒಂದೂಕಾಲು. ಹಳೆಯದರಿಂದ ಹೊಸದಕ್ಕೆ ನಕಲು,
ಮೂವತ್ತೆಂಟು ಪರ್ಸೆಂಟು, ಇನ್ನೂ ಆರು ಗಂಟೆ ಅನ್ನುತ್ತದೆ,
ಆಮೇಲೆ ಒಂಬತ್ತು ಅನ್ನುತ್ತದೆ.
ಕಡತಕ್ಕೆ ಹೊಸ ಹೆಸರು ಕೇಳಿತು.
'ಬೇಡದ್ದು' ಅಳಿಸಿ ಬೆರಳು ಕಾದಿತು ತುಸು ಹೊತ್ತು,
ಏನೂ ಹೊಳೆಯದೆ 'ಸಾರು' ಅಂತ ಬರೆದೆ.

ಭಾನುವಾರ ಮದ್ದೂರಲ್ಲಿ ಮದುವೆ, ಎರಡು ಕ್ಯಾಮೆರಾ.
ಬೋರೇಶನಿಗೆ ಹೇಳಬೇಕು,
ಒಂದು ಸಲ ಒಲೆಯ ಕಡೆಗೂ ಹೋಗಿ ಬಾ ಅಂತ,
ಆರಿಸುವುದನ್ನು ಮರೆತು.