ಒಳಗೆ ಖಾಲಿ ಇರಲಿ

ಶಿವನೆಯ ತುಂಡು, ಹದಿನೆಂಟು ಅಂಗುಲ.
ಗಂಧ ಡಿಪೋದಲ್ಲಿಲ್ಲ; ಇದ್ದರೂ ನಮ್ಮ ಕೈಗೆಟುಕದು.
ಮುಂಡಗೋಡಿನ ಕ್ಯಾಂಪಿನಿಂದ ಬಂದ ಸನ್ಯಾಸಿನಿ ಪೆಮಾ
ಸಾಗರದ ನಮ್ಮ ಕೇರಿಯ ಜಗಲಿಯಲ್ಲಿ ಕೂತು
ಸಂತೆಗನ್ನಡದಲ್ಲಿ ತಾರೆಯ ಅಳತೆ ಹೇಳಿದಳು.
ಬಲಗೈ ಮೊಣಕಾಲ ಮೇಲೆ, ಕೊಡುವ ಹಾಗೆ.
ಎಡಗೈಯಲ್ಲಿ ನೈದಿಲೆಯ ದಂಟು.
ಎಡಗಾಲು ಮಡಿಚಿರಲಿ, ಬಲಗಾಲು ಕೆಳಗೆ.

ಯಾಕೆ ಕೆಳಗೆ? ಅಂದರು ಶೇಷಗಿರಿ ಮಾವ.
ಕರೆದರೆ ಏಳಬೇಕಲ್ಲ.

ಮಾವ ನಕ್ಕರು.
ಅರವತ್ತು ವರ್ಷ ಲಕ್ಷ್ಮಿಯನ್ನು ಕೂರಿಸಿದ ಕೈ ಅದು,
ಕೂತವಳು ಏಳಬಾರದೆಂದೇ ಕೂರಿಸಿದ ಕೈ.
ಬಳ್ಳಿಗಾವೆಯ ಕಡೆ ಇಂಥವಳೇ ಒಬ್ಬಳು
ಕಲ್ಲಿನವಳು ಇದ್ದಾಳಂತೆ, ಎಂದಷ್ಟೇ ಹೇಳಿ
ಎಲೆಗೆ ಸುಣ್ಣ ಹಚ್ಚಿದರು.

ನನಗೆ ಗೊತ್ತಿತ್ತು ಆ ಕೂರುವ ರೀತಿ.
ಒಲೆಯ ಮೇಲೆ ಹಾಲಿಟ್ಟು ಅಕ್ಕಿ ಆರಿಸುವಾಗ
ಒಂದು ಕಾಲು ಮಣೆಯ ಮೇಲೆ, ಒಂದು ನೆಲಕ್ಕೆ.
ಅದಕ್ಕೂ ಒಂದು ಶಾಸ್ತ್ರವಿದೆಯೆಂದು
ಈವರೆಗೆ ಯಾರೂ ಹೇಳಿರಲಿಲ್ಲ.

ಹೊರಟವಳು ಮೆಟ್ಟಿಲಲ್ಲಿ ತಿರುಗಿ ನಿಂತಳು:
ಒಳಗೆ ಖಾಲಿ ಇರಲಿ.
ಮಂತ್ರ ಬರೆದ ಕಾಗದ ಸುರುಳಿ ಸುತ್ತಿ ತುಂಬುತ್ತಾರಂತೆ,
ಧಾನ್ಯ, ಒಣಗಿದ ಬೇರು,
ಯಾರೋ ಹಿರಿಯರ ಕಾವಿಯ ಒಂದೆಳೆ.
ತುಂಬಿ ಅಡಿ ಮುಚ್ಚುವ ತನಕ ಬರೀ ಮರ.

ಮುಖ, ಮುಡಿ, ಬೆರಳು ಎಲ್ಲ ಮುಗಿಸಿದ ಮಾವ
ಉಳಿ ಕೆಳಗಿಟ್ಟರು.
ದೇವರ ಹೊಟ್ಟೆ ಬಗೆಯುವುದು ನನ್ನಿಂದಾಗದು ಮಾರಾಯ್ತಿ.
ಹಾಗೆ ಅದು ನನ್ನ ಪಾಲಿಗೆ ಬಂತು.

ತಲೆಕೆಳಗು ಮಾಡಿ ತೊಡೆಗಳ ನಡುವೆ ಹಿಡಿದು
ಪೀಠದಡಿಯಿಂದ ಬೈರಿಗೆ ತಿರುಗಿಸಿದೆ.
ಗೋಡೆ ಎಷ್ಟು ಉಳಿಯಿತೆಂದು
ಬೆನ್ನು ತಟ್ಟಿ ತಟ್ಟಿ ಕೇಳಬೇಕು,
ಸ್ವರ ತೆಳುವಾದಲ್ಲಿ ನಿಲ್ಲಿಸಬೇಕು.

ಹೋದ ಮಾಘದಲ್ಲಿ, ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ
ನನ್ನದನ್ನೂ ಹೀಗೇ ತೆಗೆದರು.
ತೆಗೆದದ್ದನ್ನು ತಟ್ಟೆಯಲ್ಲಿಟ್ಟು ಇವರಿಗೆ ತೋರಿಸಿದರಂತೆ,
ನನಗಲ್ಲ.
ಇನ್ನು ಮೂರು ತಿಂಗಳು ಕೊಡ ಎತ್ತಬೇಡಿ, ಎಂದಳು ನರ್ಸು.
ಆ ಜಾಗದಲ್ಲಿ ಏನಿಡುವುದು,
ಅದನ್ನು ಬರೆದ ಚೀಟಿ ಕೊಡಲಿಲ್ಲ.

ದೇವರ ಹೊರಗಿನ ಚಕ್ಕೆ ಹಂಡೆಯ ಒಲೆಗೆ ಹೋಗುತ್ತದೆ,
ತಲೆತಲಾಂತರದ ಪದ್ಧತಿ.
ಒಳಗಿನದು?
ಮಾವನನ್ನು ಕೇಳಲಿಲ್ಲ.
ಹಳೇ ಸೀರೆಯ ಚೂರಲ್ಲಿ ಕಟ್ಟಿ
ಅಕ್ಕಿ ಡಬ್ಬಿಯ ಹಿಂದೆ ಇಟ್ಟೆ.

ತಿಂಗಳ ಮೇಲೆ ಪೆಮಾ ಬಂದಳು.
ಮುಖ ನೋಡುವ ಮೊದಲು ಬೆನ್ನು ತಟ್ಟಿ
ಕಿವಿಗೊಟ್ಟಳು.
ಒಳ್ಳೇ ಖಾಲಿಯಾಗಿದೆ, ಎಂದಳು,
ಊಟ ಚೆನ್ನಾಗಿತ್ತು ಅನ್ನುವ ಹಾಗೆ.

ಶಿರಸಿ ಬಸ್ಸಿನಲ್ಲಿ ಕಿಟಕಿ ಪಕ್ಕ,
ಮಡಿಲಲ್ಲಿ ಉಣ್ಣೆಯ ಶಾಲಿನ ಗಂಟು.
ಎಷ್ಟು ಸುತ್ತಿದರೂ
ಬಲಗಾಲ ಹೆಬ್ಬೆರಳು ಹೊರಗೇ ಉಳಿದಿತ್ತು.