ಕ್ಷಯ ತಿಥಿ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಣ ಮಹಡಿ.
ಕೆಳಗೆ ಆಲೂಗಡ್ಡೆ ಮೂಟೆ ಇಳಿಸುವ ಸದ್ದು.
ಮೇಲೆ ನಾನು, ಕೈ ಮುರಿದ ಕುರ್ಚಿಯಲ್ಲಿ,
ಜಾವಗಲ್ಲಿನವರ ಮದುವೆಯ ಎದುರು.

ನಮ್ಮ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು.
ಸೊನ್ನೆಯಿಂದ ಎಣಿಸು, ಇಪ್ಪತ್ನಾಲ್ಕಕ್ಕೆ ನಿಲ್ಲು;
ಇಪ್ಪತ್ತೈದೆಂದು ಬಾಯಿ ತೆರೆಯುವಷ್ಟರಲ್ಲಿ
ಮುಂದಿನ ಸೆಕೆಂಡು ಹುಟ್ಟಿರುತ್ತದೆ.
ಇಷ್ಟು ಕಲಿಯಲು
ಎರಡು ಸೀಮಂತ ಕೆಡಿಸಿದ್ದೆ.

ಇವತ್ತಿನದು ಬೇರೆ. ಹುಡುಗಿಯ ಸೋದರಮಾವ
ಎಲ್ಲಿಂದಲೋ ತಂದ ಕ್ಯಾಮೆರಾ,
ಮೂವತ್ತು ಎನ್ನುತ್ತದೆ, ಮೂವತ್ತು ತುಂಬುವುದಿಲ್ಲ.
ಐವತ್ತೊಂಬತ್ತನೇ ಸೆಕೆಂಡು, ಇಪ್ಪತ್ತೊಂಬತ್ತನೇ ಫ್ರೇಮು.
ಆಮೇಲೆ ನೇರ, ಒಂದು ನಿಮಿಷ, ಎರಡನೇ ಫ್ರೇಮು.
ಸೊನ್ನೆ ಎಲ್ಲಿ? ಒಂದು ಎಲ್ಲಿ?
ಧಾರೆಯ ಹೊತ್ತು ಬೇರೆ.
"ಸಾರ್, ಎರಡು ಕಳೆದುಹೋಗಿವೆ."

ಧರಣೇಂದ್ರಯ್ಯ ಕನ್ನಡಕ ಹಣೆಗೇರಿಸಿ ಬಂದು
ಒಂದೊಂದೇ ಫ್ರೇಮು ಸರಿಸಿದರು.
ತಂಬಿಗೆಯ ಬಾಯಿ.
ನೀರಿನ ಎಳೆ.
ಎಳೆ ಇನ್ನೂ ಕೆಳಗೆ.
ಕೈಗೆ ತಾಗಿತು. ಎಲ್ಲೂ ತುಂಡಾಗಿಲ್ಲ.

"ಹೋದ ತಿಂಗಳು ಉಪವಾಸಕ್ಕೆ ಅಂತ
ನಮ್ಮಮ್ಮ ಪಂಚಾಂಗ ತೆಗೆದರೆ
ಸಪ್ತಮಿ ಆದಮೇಲೆ ನವಮಿ. ಕ್ಷಯ ತಿಥಿ.
ಹಾಗಂತ ಹಾಲಿನವನು ಒಂದು ದಿನ ತಪ್ಪಿಸಿದನಾ?
ಬಿಟ್ಟಿರೋದು ಹೆಸರು ಕಣೋ, ಹೊತ್ತನ್ನಲ್ಲ.
ನಿಮಿಷಕ್ಕೆ ಎರಡು ಬಿಡು, ಹತ್ತು ತುಂಬಿದ ನಿಮಿಷಕ್ಕೆ ಬಿಡಬೇಡ.
ಗಂಟೆಗೆ ಎಷ್ಟಾಯ್ತು ಹೇಳು."

ಬೆರಳ ಗೆಣ್ಣು ಎಣಿಸಿದೆ. ನೂರಿಪ್ಪತ್ತು,
ಅದರಲ್ಲಿ ಹನ್ನೆರಡು ಹೋಗಿ
ನೂರೆಂಟು.
"ಜಪಸರದಷ್ಟು," ಎಂದು ನಕ್ಕು
ಟೀ ತರಲು ಇಳಿದರು.

ಸಂಜೆ ಬಿಲ್ ಪುಸ್ತಕ ಜೋಡಿಸುವಾಗ
ಹತ್ತೊಂಬತ್ತರದ್ದಿತ್ತು, ಅದರ ಮೇಲೆ ಇಪ್ಪತ್ತೆರಡರದ್ದು.
ನಡುವಿನ ಎರಡು ವರ್ಷ ಕೇಳಿದೆ.
ಅವರು ಬೀರುವಿನ ಕೆಳಖಾನೆಯಿಂದ
ರಬ್ಬರ್ ಬ್ಯಾಂಡ್ ಸುತ್ತಿದ ಡಿಸ್ಕು ತೆಗೆದರು.
ಫೈಲುಗಳಿಗೆ ಹೆಸರಿಲ್ಲ.
ಒಂದನ್ನು ತೆರೆದರು. ತಗಡಿನ ಚಾವಣಿ, ಸೌದೆ,
ನೀಲಿ ಗೌನಿನ ಇಬ್ಬರು, ಗೇಟಿನಾಚೆ
ಫೋನು ಎತ್ತಿ ಹಿಡಿದ ಒಂದು ಕೈ.

"ಬರೋಕೆ ಬಿಡ್ತಿರಲಿಲ್ಲವಲ್ಲ.
ಮುಖ ಒಂದ್ಸಲ ತೋರಿಸಿ ಅಂತ ಫೋನು ಮಾಡೋರು.
ಅದಕ್ಕೆ ಬಿಲ್ಲು ಹೆಂಗೆ ಬರೆಯೋದು."

ಮೂಲೆಯಲ್ಲಿ ಅಂಕಿ ಓಡುತ್ತಿತ್ತು,
ಇಪ್ಪತ್ಮೂರು, ಇಪ್ಪತ್ನಾಲ್ಕು, ಸೊನ್ನೆ, ಒಂದು.
ನಮ್ಮದೇ ಕ್ಯಾಮೆರಾ; ಒಂದನ್ನೂ ಬಿಟ್ಟಿರಲಿಲ್ಲ.
ಸ್ಪೇಸ್‌ಬಾರಿನ ಮೇಲಿದ್ದ ಬೆರಳನ್ನು
ನಾನು ಒತ್ತಲಿಲ್ಲ.