ಮೊಣಕಾಲಿಗೆ ಎರಡು ಪದರ

ಬೂದು ಬಣ್ಣದ್ದೇ ಕೊಡಿ, ಕೊಳೆ ಕಾಣಬಾರದು ಅಂತೀಯ.
ಕೂತುಕೋ ತೊರ್ನಿಕೆ. ಆ ಕುರ್ಚಿಯಲ್ಲಲ್ಲ, ಅದರ ಕಾಲು ಲೊಡಲೊಡ.
ತಿಬಿಲಿಸಿಯ ಈ ಅಂಗಳದಲ್ಲಿ ಮೂವತ್ತೆಂಟು ವರ್ಷದಿಂದ
ಗಂಡುಹುಡುಗರಿಗೆ ಪ್ಯಾಂಟು ಹೊಲಿಯುತ್ತಿದ್ದೇನೆ.
ಕೊಳೆ ಕಾಣದ ಬಟ್ಟೆಯನ್ನು ನಾನಿನ್ನೂ ಕಂಡಿಲ್ಲ,
ಕೊಳೆ ಕಂಡರಾಗದ ಅಪ್ಪಂದಿರನ್ನು ಬೇಕಾದಷ್ಟು ಕಂಡಿದ್ದೇನೆ.

ನಿನ್ನ ಮಗ ಆಗಲೇ ಮೇಜಿನಡಿ ಸೇರಿದ.
ಹೆಸರು ಗೇಗಾನಾ? ಐದು ತುಂಬಿತೆ?
ಇನ್ನೂ ಎರಡು ತಿಂಗಳಿದೆ ಎಂದು ಅವನೇ ಹೇಳುತ್ತಾನೆ,
ಬಾಯಲ್ಲಿ ನನ್ನ ಸೀಮೆಸುಣ್ಣದ ಚೂರು.
ಗದರಬೇಡ, ಉಗುಳುತ್ತಾನೆ.
ಉಗಿದ.

ಮೊಣಕಾಲಿಗೆ ಎರಡು ಪದರ ಹಾಕುತ್ತೇನೆ:
ಒಳಗೆ ದಪ್ಪ ಕ್ಯಾನ್ವಾಸು, ಹೊರಗೆ ಅವನು ಕೇಳಿದ್ದು.
ಏನು ಬೇಕಂತೆ? ನೀನು ಹೇಳಬೇಡ, ಅವನನ್ನು ಕೇಳು.
ಒಂದು ಕಾಲಿಗೆ ತಿಮಿಂಗಿಲ, ಇನ್ನೊಂದಕ್ಕೆ ಟೊಮೇಟೊ.
ನಗಬೇಡ ಮಾರಾಯ,
ನಿನ್ನ ಕೊರಳಿನ ಆ ಟೈಗೆ ಯಾವ ದೊಡ್ಡ ಅರ್ಥವಿದೆ?

ಜೇಬು ಆಳವಾಗಿರಲಿ.
ಒಗೆಯುವ ಮುಂಚೆ ಅದರೊಳಗೆ ಕೈ ಹಾಕು,
ಸಿಕ್ಕಿದ್ದನ್ನು ಎಸೆಯುವ ಮುಂಚೆ ಒಂದು ಮಾತು ಕೇಳು.
ತುಕ್ಕು ಹಿಡಿದ ಬೋಲ್ಟು, ಅರ್ಧ ಅಕ್ರೋಟ,
ಒಣಗಿದ ಕಂಬಳಿಹುಳು, ಒಂದು ಹಲ್ಲು.
ಹಲ್ಲು ಯಾರದೆಂದು ಮಾತ್ರ ವಿಚಾರಿಸು.

ಅಲ್ಲಿರುವ ಆಟಿಕೆಗಳು ಪಕ್ಕದ ಮನೆಯ ಶಾಲ್ವಾ ಕೆತ್ತಿದ್ದು:
ಲಾರಿ, ಕತ್ತೆ, ಮೂರು ಚಕ್ರದ ಏನೋ ಒಂದು.
ಏನೆಂದು ಶಾಲ್ವಾನಿಗೂ ತಿಳಿಯದು,
ಎಲ್ಲಕ್ಕಿಂತ ಮೊದಲು ಖರ್ಚಾಗುವುದು ಅದೇ.

ಒಂಟಿಕಿವಿಯ ಆ ಕರಡಿ ಗೊಂಬೆಯನ್ನು
ನಿನ್ನ ಮಗ ಎದೆಗವಚಿ ತಟ್ಟುತ್ತಿದ್ದಾನಲ್ಲ,
ಮುಖ ಸಿಂಡರಿಸಬೇಡ.
ಇವನು ಹುಟ್ಟಿದ ವಾರ ಇವನನ್ನು ಎತ್ತಿಕೊಳ್ಳಲು
ನಿನ್ನ ಕೈ ಹೇಗೆ ನಡುಗಿತಂತೆ!
ನಾತೇಲಾ ಎಲ್ಲ ಹೇಳಿದ್ದಾಳೆ.
ಚಿಕ್ಕಂದಿನಲ್ಲಿ ನಿನಗೂ ಒಂದು ಕರಡಿ ಸಿಕ್ಕಿದ್ದರೆ
ಅಭ್ಯಾಸವಾಗಿರುತ್ತಿತ್ತು.

ಪುಸ್ತಕ ಮೂಲೆಯ ಪೆಟ್ಟಿಗೆಯಲ್ಲಿವೆ,
ರಟ್ಟು ಕಚ್ಚಿಸಿಕೊಂಡದ್ದು ಕಾಲು ಬೆಲೆಗೆ.
ಹಲ್ಲಿನ ಗುರುತಿರುವುದನ್ನೇ ಆರಿಸಿಕೋ,
ಯಾವುದೋ ಮಗು ಆಗಲೇ ಪರೀಕ್ಷೆ ಮಾಡಿದೆ.
ನಲವತ್ತು ರಾತ್ರಿ ಅದೇ ನರಿ, ಅದೇ ಸೇತುವೆ,
ನಿನಗೆ ತೂಕಡಿಕೆ, ಅವನಿಗೆ ಕಣ್ಣರಳು.
ಮೆಲ್ಲಗೆ ಎರಡು ಪುಟ ಹಾರಿಸಿದರೆ ಸಿಕ್ಕಿಬೀಳುತ್ತೀಯ.
ನಾನು ಬಿದ್ದಿದ್ದೇನೆ.

ಏನು, ಆ ಕೆಂಪು ಕೋಟಾ?
ಅದು ಮಾರಾಟಕ್ಕಲ್ಲ.

ಊರಿಗೆ ಕರೆಂಟಿಲ್ಲದ ಚಳಿಗಾಲ ಅದು.
ಸೀಮೆಎಣ್ಣೆ ದೀಪದ ಹೊಗೆಯಲ್ಲಿ, ಮಾವನ ಕಂಬಳಿ ಕತ್ತರಿಸಿ
ನನ್ನ ಜುರಾಬನಿಗೆ ಹೊಲಿದೆ. ಅವನಿಗಾಗ ನಾಲ್ಕು.
ಆರು ಗುಂಡಿ, ಒಳಗೆ ಯಾರಿಗೂ ಕಾಣದ ಒಂದು ಜೇಬು.
ಹಬ್ಬಕ್ಕಿರಲಿ ಅಂದೆ.
ಹಬ್ಬ ಬಂತು, ಬೀದಿಯೆಲ್ಲ ಕೆಸರು,
ಮುಂದಿನದಕ್ಕಿರಲಿ ಅಂದೆ.
ಮುಂದಿನದು ಬರುವಷ್ಟರಲ್ಲಿ ತೋಳು ಮೊಣಕೈಗೆ ಬಂದಿತ್ತು.
ಈಗ ಬತುಮಿಯ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ,
ಬಂದಾಗೊಮ್ಮೆ ನನ್ನನ್ನೇ ಎತ್ತಿ ತಿರುಗಿಸುತ್ತಾನೆ,
ಕೋಟಿನ ನೆನಪೂ ಅವನಿಗಿಲ್ಲ.
ನನಗಿದೆ, ಅಷ್ಟೆ.

ಹಾಕಿಕೊಳ್ಳಲಾ ಎನ್ನುತ್ತಾನೆ ನಿನ್ನ ಮಗ.
ಮೊಳೆಯಿಂದ ಇಳಿಸಿ ಕೊಟ್ಟೆ.
ಒಂದು ತೋಳು ತೂರಿಸಿದ, ಭುಜ ಹಿಡಿಯಿತು.
ನನಗೆ ಚಿಕ್ಕದು, ಎಂದು ಸುಮ್ಮನೆ ಬಿಚ್ಚಿ
ಕರಡಿಯನ್ನು ಮಡಿಲಲ್ಲಿ ಕೂರಿಸಿಕೊಂಡು
ಗುಂಡಿ ಹಾಕತೊಡಗಿದ, ನಾಲಗೆ ಹೊರಚಾಚಿ.
ಐದು ಸೇರಿದವು. ಆರನೆಯದು ಹಟ ಹಿಡಿಯಿತು.
ಇವನಿಗೆ ಸರಿಹೋಯ್ತು ಅಜ್ಜೀ,
ಹೊರಗೆ ಕರಕೊಂಡು ಹೋಗಲಾ?

ಹೊರಗೆ ಕರಗಿದ ಹಿಮ, ಮಣ್ಣು, ನೀರು.
ನೀನು ಬಾಯಿ ತೆರೆದೆ.
ನಾನು ನಿನ್ನ ಕಡೆ ನೋಡಿದೆ.
ನೀನು ಬಾಯಿ ಮುಚ್ಚಿಕೊಂಡೆ. ಪುಣ್ಯಾತ್ಮ.

ಗುರುವಾರ ಬಾ, ಪ್ಯಾಂಟು ಸಿದ್ಧವಿರುತ್ತದೆ.
ಒಂದು ಅಳತೆ ದೊಡ್ಡದೇ ಹೊಲಿಯುತ್ತೇನೆ, ಅಂಚು ಮಡಚಿ.
ಟೊಮೇಟೊ ಎಡಗಾಲಿಗೋ ಬಲಗಾಲಿಗೋ,
ಒಳಗೆ ಬಂದಮೇಲೆ ಕೇಳಿ ಹೇಳು.